ಅಡ್ಜಸ್ಟ್ ಮಾಡು

ಅಡ್ಜಸ್ಟ್ ಮಾಡು: ಇಂಗ್ಲಿಷಿನ 'ಅಡ್ಜಸ್ಟ್' ಎಂಬ ಕ್ರಿಯಾಪದಕ್ಕೆ ಕನ್ನಡದ 'ಮಾಡು' ಸೇರಿ ಆಗಿರುವ ಸಂಯುಕ್ತ ಕ್ರಿಯಾಪದ. ಯಂತ್ರದ ಭಾಗವನ್ನು ಸರಿಪಡಿಸು, ಜಾಗ ಬಿಟ್ಟುಕೊಡು, ಹಣ ಹೊಂದಿಸು, ಒಂದು ಲೆಕ್ಕದ ಮೊತ್ತವನ್ನು ಇನ್ನೊಂದು ಲೆಕ್ಕಕ್ಕೆ ಜಮಾ ಮಾಡು, ಹೊಸ ಸ್ಥಿತಿಗೆ ಒಗ್ಗಿಕೊಳ್ಳು, ಸಹಿಸಿಕೊಂಡು ಹೋಗು, ಒಳಗೊಳಗೇ ಒಪ್ಪಂದಕ್ಕೆ ಬಾ ಎಂಬ ಅರ್ಥಗಳಲ್ಲಿ ಇಂದಿನ ಆಡುಗನ್ನಡದಲ್ಲಿ ಬಳಕೆಯಲ್ಲಿದೆ. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಇದೆ. ಬೆಂಗಳೂರು, ಮೈಸೂರು ಕಡೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಕೇಳುವ ಮಾತು ಕಲಬುರಗಿಯಲ್ಲಿ 'ಜರಾ ಅಡ್ಜಸ್ಟ್ ಮಾಡ್ರಿ' ಆಗುತ್ತದೆ. ಬೆಂಗಳೂರಿನಲ್ಲಿ ಈ ಮಾತು ಊರಿನ ಗುರುತೇ ಆಗಿ ಅಂಗಿಗಳ ಮೇಲೆ ಅಚ್ಚಾಗಿದ್ದರೂ ಅದರ ಪೂರ್ತಿ ಬಳಕೆ ನೋಡಬೇಕಾದರೆ ಕಲಬುರಗಿಯ ಸೇಡಂ ರಸ್ತೆಯಂಥ ಕಡೆ ಒಂದು ದಿನ ಓಡಾಡಬೇಕು. ದವಾಖಾನೆ, ವೈದ್ಯಕೀಯ ಕಾಲೇಜು, ಗ್ಯಾರೇಜು, ಬ್ಯಾಂಕು, ವಿಶ್ವವಿದ್ಯಾಲಯದ ಹಾಸ್ಟೆಲು, ಸಿಮೆಂಟಿನ ಲಾರಿ, ತೊಗರಿಯ ಟ್ರ್ಯಾಕ್ಟರು ಎಲ್ಲವೂ ಒಂದೇ ರಸ್ತೆಯಲ್ಲಿವೆ. ಈ ಕ್ರಿಯಾಪದದ ಒಂದೊಂದು ಅರ್ಥ ಒಂದೊಂದು ಬಾಗಿಲ ಮುಂದೆ ಸಿಗುತ್ತದೆ. ಈ ಲೇಖನದ ಉದಾಹರಣೆಗಳು ಬಹುಮಟ್ಟಿಗೆ ಅಲ್ಲಿಯವೇ.

ವ್ಯುತ್ಪತ್ತಿ

ಲ್ಯಾಟಿನ್ ಭಾಷೆಯಲ್ಲಿ 'ಯುಕ್ಸ್ತಾ' ಎಂದರೆ ಹತ್ತಿರ, ಪಕ್ಕದಲ್ಲಿ. ಅದರಿಂದ ಬಂದ ಕ್ರಿಯಾಪದಕ್ಕೆ 'ಪಕ್ಕಕ್ಕೆ ತಂದು ಸೇರಿಸು' ಎಂದು ಅರ್ಥ. ಅದು ಹಳೆಯ ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ದಾಟುವ ದಾರಿಯಲ್ಲಿ ಜನ ಅದನ್ನು 'ಯುಸ್ತುಸ್' ಎಂಬ ಇನ್ನೊಂದು ಲ್ಯಾಟಿನ್ ಮಾತಿನ ಜೊತೆ ಕಲಸಿಕೊಂಡರು. 'ಯುಸ್ತುಸ್' ಎಂದರೆ ನ್ಯಾಯವಾದದ್ದು, ಸರಿಯಾದದ್ದು. ಇಂಗ್ಲಿಷಿನ 'ಜಸ್ಟಿಸ್' ಹುಟ್ಟಿದ್ದು ಅದರಿಂದ. ಹೀಗಾಗಿ 'ಹತ್ತಿರ ತಾ' ಎಂದು ಹೊರಟ ಮಾತು 'ಸರಿ ಮಾಡು' ಎಂದು ಬಂದು ನಿಂತಿತು.

ಕನ್ನಡಿಗರಿಗೆ ಈ ಕಲಸಾಟ ಹೊಸದೆನಿಸಬಾರದು. ನಮ್ಮಲ್ಲಿ 'ಸರಿ' ಎಂಬ ಒಂದೇ ಉಚ್ಚಾರದ ಎರಡು ಮಾತುಗಳಿವೆ. ಒಂದು ಕ್ರಿಯಾಪದ: 'ಆ ಕಡೆ ಸರಿ', ಅಂದರೆ ಜರುಗು. ಇನ್ನೊಂದು ಗುಣ ಹೇಳುವುದು: 'ಲೆಕ್ಕ ಸರಿ ಅದ', ಅಂದರೆ ತಪ್ಪಿಲ್ಲ. ಲ್ಯಾಟಿನ್ನಿನ ಎರಡು ಬೇರೆ ಮಾತುಗಳು ಕೂಡಿ ಒಂದಾದ ಕಡೆಯೇ ಕನ್ನಡದ ಎರಡು 'ಸರಿ'ಗಳೂ ನಿಂತಿವೆ. ಬಸ್ಸಿನಲ್ಲಿ 'ಜರಾ ಸರೀರಿ' ಎಂದರೂ 'ಜರಾ ಅಡ್ಜಸ್ಟ್ ಮಾಡ್ರಿ' ಎಂದರೂ ಆಗುವ ಕೆಲಸ ಒಂದೇ: ಪಕ್ಕದವರು ಇನ್ನೊಬ್ಬ ಪಕ್ಕದವರಿಗೆ ಹತ್ತಿರವಾಗುತ್ತಾರೆ. ಇಂಗ್ಲೆಂಡಿನಲ್ಲಿ ಮರೆತುಹೋದ ಲ್ಯಾಟಿನ್ ಅರ್ಥ ಸೇಡಂ ಬಸ್ಸಿನ ಸೀಟಿನ ಮೇಲೆ ದಿನಾ ನಡೆಯುತ್ತಿದೆ.

ಕನ್ನಡಕ್ಕೆ ಬಂದ ಬಗೆ

ಹೊರಗಿನ ನಾಮಪದವನ್ನು ಒಳಗೆ ಕರೆದುಕೊಳ್ಳುವುದು ಯಾವ ಭಾಷೆಗೂ ಸುಲಭ. ಬಸ್, ಪೆನ್ ಬಂದವು, ನಾವು ಕೊನೆಗೊಂದು ಉಕಾರ ಸೇರಿಸಿ ಬಸ್ಸು, ಪೆನ್ನು ಎಂದೆವು, ಅಷ್ಟಕ್ಕೆ ಮುಗಿಯಿತು. ಕ್ರಿಯಾಪದ ಹಾಗಲ್ಲ. ಅದು ಬಂದ ಕೂಡಲೆ ಕಾಲ, ಲಿಂಗ, ವಚನ, ನಿಷೇಧ ಎಲ್ಲವನ್ನೂ ಹೊರಬೇಕು. ಇಂಗ್ಲಿಷಿನ ಧಾತು ಕನ್ನಡದ 'ಇದನು, ಇದಳು, ಉವರು' ಹೊರಲಾರದು. ಆದ್ದರಿಂದ ಕನ್ನಡ ಹಳೆಯ ಎರಡು ದಾರಿಗಳನ್ನು ಇಟ್ಟುಕೊಂಡಿದೆ.

ಮೊದಲನೆಯದು 'ಇಸು' ಪ್ರತ್ಯಯದ ದಾರಿ. ಸಂಸ್ಕೃತದ ಮಾತುಗಳನ್ನು ರಕ್ಷಿಸು, ಸ್ತುತಿಸು, ಭಾವಿಸು ಎಂದು ಕನ್ನಡದ ಧಾತುಗಳನ್ನಾಗಿ ಮಾಡಿಕೊಂಡದ್ದು ಹೀಗೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಹಳೆಯ ದಾರಿ ಇದು. ಆಮೇಲೆ ಅರಬಿ, ಪಾರಸಿ ಮಾತುಗಳಿಗೂ ಅಲ್ಲಲ್ಲಿ ಒದಗಿತು: ಖರೀದಿಸು, ರವಾನಿಸು. ಇಂಗ್ಲಿಷಿಗೂ ಈಚೆಗೆ ಒದಗುತ್ತಿದೆ. ಪತ್ರಿಕೆಗಳಲ್ಲಿ 'ಫೋಟೊ ಕ್ಲಿಕ್ಕಿಸಿದರು' ಎಂಬುದನ್ನು ಯಾರೂ ತಡೆದು ಓದುವುದಿಲ್ಲ. 'ಟೈಪಿಸು' ಕೂಡ ನೆಲೆಯಾಗಿದೆ. ಆದರೆ 'ಅಡ್ಜಸ್ಟಿಸು' ಎಂದು ಎಲ್ಲೂ ಕೇಳಿಬರುವುದಿಲ್ಲ.

ಅಡ್ಜಸ್ಟ್ ಹಿಡಿದದ್ದು ಎರಡನೆಯ ದಾರಿ, 'ಮಾಡು, ಆಗು'ಗಳ ದಾರಿ. ಕಲಬುರಗಿ ಸೀಮೆಯಲ್ಲಿ ಈ ದಾರಿ ಚೆನ್ನಾಗಿ ಸವೆದಿದೆ. 1948ರ ಸೆಪ್ಟೆಂಬರ್ 17ರವರೆಗೆ ಇದು ಹೈದರಾಬಾದ್ ನಿಜಾಮರ ಸಂಸ್ಥಾನ. ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಜಮಾ ಮಾಡು, ಮಂಜೂರು ಮಾಡು, ರದ್ದು ಮಾಡು, ವಸೂಲು ಮಾಡು, ಜಪ್ತಿ ಮಾಡು, ಹಾಜರಾಗು, ರಾಜಿಯಾಗು: ಇವೆಲ್ಲ ತಹಸೀಲು ಕಚೇರಿಯ ಕಟ್ಟೆಯ ಮೇಲೆ ಕೂತು ರೈತ ಕಲಿತ ಕ್ರಿಯಾಪದಗಳು. ಮುಂದೆ ಇಂಗ್ಲಿಷ್ ಬಂದಾಗ ಅಚ್ಚು ಸಿದ್ಧವಾಗಿಯೇ ಇತ್ತು, ಹೊಸ ಎರಕ ಹೊಯ್ದದ್ದಷ್ಟೇ. 'ಮಂಜೂರು ಮಾಡ್ರಿ' ಎಂದವರಿಗೆ 'ಸ್ಯಾಂಕ್ಷನ್ ಮಾಡ್ರಿ' ಎನ್ನಲು ನಾಲಿಗೆ ತೊಡರಲಿಲ್ಲ. ಜಗತ್ತಿನ ಬೇರೆ ಭಾಷೆಗಳೂ ಇದನ್ನೇ ಮಾಡುತ್ತವೆ. ಅರಬಿ ಮಾತುಗಳಿಗೆ ತುರ್ಕಿಯವರು ತಮ್ಮ 'ಎತ್ಮೆಕ್' ಸೇರಿಸುತ್ತಾರೆ, ಪಾರಸಿಯವರು 'ಕರ್ದನ್'. ಜಪಾನಿನವರು ಹೊರಗಿನ ಮಾತಿಗೆ 'ಸುರು' ಸೇರಿಸುತ್ತಾರೆ. ಹಿಂದಿಯಲ್ಲಿ 'ಅಡ್ಜಸ್ಟ್ ಕರನಾ', ತಮಿಳಿನಲ್ಲಿ 'ಅಡ್ಜಸ್ಟ್ ಪಣ್ಣು', ತೆಲುಗಿನಲ್ಲಿ 'ಅಡ್ಜಸ್ಟ್ ಚೆಯ್'. ಭಾರತದ ಭಾಷೆಗಳೆಲ್ಲ ಈ ಒಂದು ಮಾತಿನ ವಿಷಯದಲ್ಲಿ ಒಂದೇ ರೀತಿ ನಡೆದುಕೊಂಡಿವೆ.

'ಜರಾ ಅಡ್ಜಸ್ಟ್ ಮಾಡ್ರಿ' ಎಂಬ ಮೂರು ಮಾತಿನ ವಾಕ್ಯವನ್ನು ಬಿಡಿಸಿ ನೋಡಬೇಕು. 'ಜರಾ' ಅರಬಿ ಮೂಲದ್ದು, ಉರ್ದುವಿನಿಂದ ಬಂದದ್ದು. 'ಅಡ್ಜಸ್ಟ್' ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಎಂಬ ಮೂರು ಮನೆಗಳ ನೀರು ಕುಡಿದು ಬಂದದ್ದು. ಅಚ್ಚಗನ್ನಡ ಎನ್ನಲು ಉಳಿಯುವುದು 'ಮಾಡ್ರಿ' ಒಂದೇ. ಆದರೆ ಕೆಲಸವನ್ನೆಲ್ಲ ಮಾಡುವುದು ಆ ಒಂದೇ. ಆಜ್ಞೆಯೋ ಬಿನ್ನಹವೋ, ಕೇಳುವುದು ಒಬ್ಬರನ್ನೋ ಹಲವರನ್ನೋ, ಹಿರಿಯರನ್ನೋ ಸರೀಕರನ್ನೋ, ಆಗಬೇಕಾದ್ದೋ ಆಗಿಹೋದದ್ದೋ ಎಲ್ಲ ಅದರಲ್ಲಿದೆ. ಉಳಿದೆರಡು ಮಾತು ಹೊರಗಿನವಾದರೂ ವಾಕ್ಯ ಪೂರ್ತಿ ಕನ್ನಡದ್ದು.

ಇಲ್ಲಿ ಸೇಡಂ ರಸ್ತೆಯ ಇನ್ನೊಂದು ನೆನಪನ್ನು ಬಿಟ್ಟು ಹೋಗಲಾಗದು. ಇದೇ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ಹೋದರೆ ಕಾಗಿಣಾ ನದಿಯ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯ ಬರೆದ 'ಕವಿರಾಜಮಾರ್ಗ' ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಹೊರಗಿನ ಮಾತನ್ನು ಕನ್ನಡದ ಜೊತೆ ಹೇಗೆ ಬೆರೆಸಬೇಕು ಎಂಬ ಚರ್ಚೆ ಅದರಲ್ಲೇ ಶುರುವಾಗಿದೆ. ವಿವೇಚನೆಯಿಲ್ಲದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸ ಮಾಡಿದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂಬ ಹೋಲಿಕೆಯನ್ನು ಆ ಕವಿ ಕೊಡುತ್ತಾನೆ. ಹಾಲು ಮಜ್ಜಿಗೆ ಎರಡೂ ಒಳ್ಳೆಯವೇ. ಯಾವ ಹೊತ್ತಿನಲ್ಲಿ ಹೇಗೆ ಸೇರಿಸಿದರೆ ಮೊಸರು, ಹೇಗೆ ಸೇರಿಸಿದರೆ ಒಡೆದ ಹಾಲು ಎಂಬುದೇ ಪ್ರಶ್ನೆ. 'ಅಡ್ಜಸ್ಟ್ ಮಾಡು' ಹೆಪ್ಪಾಗಿ ಕೂತಿದೆ ಎಂದೇ ನನ್ನ ತೀರ್ಮಾನ. ಸಮಾಸದ ಬಿಗಿ ಕಟ್ಟಿಗೆ ಹೋಗದೆ ಎರಡು ಮಾತುಗಳನ್ನು ಪಕ್ಕ ಪಕ್ಕ ಕೂಡಿಸಿದ್ದರಿಂದ ಅದು ಒಡೆಯಲಿಲ್ಲ.

ರೂಪಗಳು

ಈ ಕ್ರಿಯಾಪದದ ಜೀವ ಇರುವುದು ಅಡ್ಜಸ್ಟ್‌ನ ಹಿಂದೆ ಬರುವ ಕನ್ನಡದ ಬಾಲದಲ್ಲಿ. ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಆ ಬಾಲ ಹೇಳುತ್ತದೆ.

'ಅಡ್ಜಸ್ಟ್ ಮಾಡು' ಎಂದರೆ ಭಾರ ಕೇಳಿಸಿಕೊಂಡವರದು. ಏನನ್ನು ಎಂದು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಒಂದು ಕರ್ಮಪದ ಬೇಕು: ಗಡಿಯಾರವನ್ನೋ ಕನ್ನಡಕವನ್ನೋ. ಕನ್ನಡದಲ್ಲಿ ಆ ಜಾಗ ಖಾಲಿ ಬಿಟ್ಟು ಕೇಳುತ್ತಾರೆ, ಕೇಳಿಸಿಕೊಂಡವರ ಹತ್ತಿರ ಏನಿದೆಯೋ ಅದು ಅಲ್ಲಿ ಬಂದು ಕೂರುತ್ತದೆ. ಸೀಟಿನಲ್ಲಿ ಕೂತವರಿಗೆ ಜಾಗ, ಅಂಗಡಿಯವರಿಗೆ ಬೆಲೆ, ಗುಮಾಸ್ತರಿಗೆ ನಿಯಮ, ಗೆಳೆಯನಿಗೆ ರೊಕ್ಕ.

'ಅಡ್ಜಸ್ಟ್ ಆಗು' ಎಂದರೆ ಕಾಲ ಮಾಡುವ ಕೆಲಸ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರುವುದು ಸೇಡಂ ರಸ್ತೆಯಲ್ಲೇ. 1980ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯಕ್ಕೆ ಬೀದರ, ರಾಯಚೂರು ಕಡೆಯ ಹಳ್ಳಿಗಳಿಂದ ಬಂದ ಹುಡುಗರು ಹಾಸ್ಟೆಲ್ ಸೇರಿದ ಮೊದಲ ವಾರ ಮನೆಗೆ ಫೋನು ಮಾಡಿದಾಗ ಅತ್ತಲಿಂದ ಬರುವ ಪ್ರಶ್ನೆ 'ಅಡ್ಜಸ್ಟ್ ಆದಿ ಏನಪಾ?' ಎಂಬುದು. ಅಲ್ಲಿ ಯಾರೂ ಏನನ್ನೂ ಮಾಡಬೇಕಾಗಿಲ್ಲ, ದಿನಗಳು ಹೋಗಬೇಕು. ಕನ್ನಡದ 'ಒಗ್ಗು' ಎಂಬ ಒಳ್ಳೆಯ ಮಾತಿನ ಜಾಗವನ್ನು ಇದು ಹಿಡಿದಿದೆ. 'ಈ ಊರಿನ ನೀರು ಒಗ್ಗಲಿಲ್ಲ' ಎನ್ನುವಾಗ ಮಾತ್ರ ಒಗ್ಗು ಇನ್ನೂ ಬಿಟ್ಟುಕೊಟ್ಟಿಲ್ಲ. ನೀರಿಗೆ ಅಡ್ಜಸ್ಟ್ ಆಗುವುದೆಂದು ಹೇಳುವವರು ಕಡಿಮೆ.

'ಅಡ್ಜಸ್ಟ್ ಮಾಡಿಕೊಡು' ಎಂದರೆ ಭಾರ ಒಬ್ಬರದು, ಲಾಭ ಇನ್ನೊಬ್ಬರದು. 'ಎರಡು ದಿನದ ಡ್ಯೂಟಿ ಅಡ್ಜಸ್ಟ್ ಮಾಡಿಕೊಡ್ರಿ, ತಂಗಿ ನಿಶ್ಚಯ ಅದ' ಎಂದು ದಾದಿಯೊಬ್ಬಳು ಇನ್ನೊಬ್ಬಳನ್ನು ಕೇಳುವಾಗ ಬರುವ ರೂಪ. ಶಾಲೆಗಳಲ್ಲಿ ರಜೆ ಹಾಕಿದ ಮೇಷ್ಟ್ರ ತರಗತಿಯನ್ನು ಇನ್ನೊಬ್ಬರು ತೆಗೆದುಕೊಳ್ಳುವುದಕ್ಕೆ 'ಅಡ್ಜಸ್ಟ್‌ಮೆಂಟ್ ಪಿರಿಯಡ್' ಎಂಬ ಹೆಸರೇ ಬಿದ್ದಿದೆ.

ಕೊನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು 'ಅಡ್ಜಸ್ಟ್ ಮಾಡಿಕೊ'. 'ಕೊಳ್ಳು' ಕನ್ನಡದ ಬೆರಗುಗಳಲ್ಲೊಂದು. ಮಾಡಿದ ಕೆಲಸ ಮಾಡಿದವರ ಕಡೆಗೇ ತಿರುಗಿ ಬರುತ್ತದೆ ಎಂದು ಅದು ತೋರಿಸುತ್ತದೆ. ಬರುವುದು ಲಾಭವೋ ಹೊರೆಯೋ ಎಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. 'ಪರಿಹಾರ ಬಂತು, ಬ್ಯಾಂಕಿನವರು ಸಾಲಕ್ಕ ಅಡ್ಜಸ್ಟ್ ಮಾಡ್ಕೊಂಡ್ರು' ಎಂದು ರೈತ ಹೇಳುವಾಗ ಬಂದದ್ದು ಬ್ಯಾಂಕಿನ ಲಾಭ. 'ಏನ್ ಮಾಡೋದು, ಅಡ್ಜಸ್ಟ್ ಮಾಡ್ಕೊಂಡೀವಿ' ಎಂದು ಅದೇ ರೈತ ಮುಂದಿನ ವಾಕ್ಯದಲ್ಲಿ ಹೇಳುವಾಗ ಬಂದದ್ದು ಮನೆಯ ಹೊರೆ. ಕ್ರಿಯಾಪದ ಒಂದೇ, ಬಾಲವೂ ಒಂದೇ. ಬರ ಪರಿಹಾರದ ಹಣವನ್ನು ಸಾಲದ ಖಾತೆಗೆ ಹೀಗೆ ಜಮಾ ಮಾಡಿಕೊಳ್ಳಬಾರದೆಂದು 2024ರಲ್ಲಿ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ತೊಗರಿ ಒಣಗಿದ ಹೊಲದವರಿಗೆ ಈ ಕ್ರಿಯಾಪದದ ಎರಡು ಅರ್ಥಗಳ ನಡುವಿನ ದೂರ ಎಷ್ಟೆಂದು ಯಾರೂ ಕಲಿಸಬೇಕಾಗಿಲ್ಲ.

ಗ್ಯಾರೇಜಿನ ಅಡ್ಜಸ್ಟ್

ಇಂಗ್ಲಿಷಿನ ಮೂಲ ಅರ್ಥ ಹೆಚ್ಚು ಬದಲಾಗದೆ ಉಳಿದಿರುವುದು ಮೆಕ್ಯಾನಿಕ್ಕುಗಳ ಹತ್ತಿರ. ಬ್ರೇಕ್ ಅಡ್ಜಸ್ಟ್, ಕ್ಲಚ್ ಅಡ್ಜಸ್ಟ್, ಚೈನ್ ಅಡ್ಜಸ್ಟ್. ಬೈಕಿನ ಚೈನು ಜೋಲು ಬಿದ್ದಿದೆ ಎಂದು ಕೊಂಡೊಯ್ದರೆ, ಮೆಕ್ಯಾನಿಕ್ ಹಿಂದಿನ ಗಾಲಿಯ ನಟ್ಟನ್ನು ಪಾನಾ ಹಾಕಿ ಸಡಿಲಿಸುತ್ತಾನೆ. ಆಮೇಲೆ ಗಾಲಿಯ ಎಡಬಲಕ್ಕಿರುವ ಅಡ್ಜಸ್ಟರುಗಳನ್ನು ತಿರುವುತ್ತಾನೆ, ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು. ಎರಡು ಕಡೆಯ ಗೆರೆಗಳು ಸಮ ಬರದಿದ್ದರೆ ಗಾಲಿ ಓರೆ ನಿಲ್ಲುತ್ತದೆ. ನಡುನಡುವೆ ಬೆರಳಿನಿಂದ ಚೈನನ್ನು ಮೇಲೆತ್ತಿ ಬಿಡುತ್ತಾನೆ. ಅದು ಒಂದಿಷ್ಟು ಆಡಬೇಕು. ಪೂರಾ ಬಿಗಿ ಮಾಡು ಎಂದು ಗಿರಾಕಿ ಹೇಳಿದರೆ ಅವನು ಒಪ್ಪುವುದಿಲ್ಲ. ಬೈಕಿನ ಮೇಲೆ ಮಂದಿ ಕೂತು ಹಿಂದಿನ ಗಾಲಿ ಕುಪ್ಪಳಿಸಿದಾಗ ಚೈನು ಇನ್ನಷ್ಟು ಬಿಗಿಯಾಗುತ್ತದೆ. ಆಡಲು ಎಡೆ ಇಲ್ಲದಿದ್ದರೆ ಹಲ್ಲು ಸವೆಯುತ್ತದೆ, ಇಲ್ಲವೆ ಚೈನೇ ಹರಿಯುತ್ತದೆ. ಅಡ್ಜಸ್ಟ್ ಮಾಡುವುದೆಂದರೆ ಬಿಗಿ ಮಾಡುವುದೂ ಹೌದು, ಬೇಕಾದಷ್ಟು ಸಡಿಲು ಉಳಿಸುವುದೂ ಹೌದು ಎಂಬುದು ಈ ಕಸುಬಿನವರ ಅರ್ಥ. ಎಷ್ಟು ಸಡಿಲು ಎಂಬುದನ್ನು ಕಂಪನಿಯ ಪುಸ್ತಕ ಮಿಲಿಮೀಟರಿನಲ್ಲಿ ಹೇಳುತ್ತದೆ, ಅವನ ಬೆರಳು ಪುಸ್ತಕವಿಲ್ಲದೆ ಹೇಳುತ್ತದೆ.

ದರ್ಜಿಯ ಅಂಗಡಿಯಲ್ಲಿ ಈ ಮಾತಿಲ್ಲ. ಅಲ್ಲಿ 'ಆಲ್ಟರ್ ಮಾಡು' ನಡೆಯುತ್ತದೆ. ಕನ್ನಡಕದ ಅಂಗಡಿಯಲ್ಲಿ ಇದೆ.

ನಿಘಂಟುಗಳು ಈ ಅರ್ಥಕ್ಕೆ ಕೊಡುವ ಸರಿಪಡಿಸು, ಹೊಂದಿಸು, ಅಳವಡಿಸು ಎಂಬ ಮಾತುಗಳು ಬರವಣಿಗೆಯಲ್ಲಿ ಚೆನ್ನಾಗಿ ನಡೆಯುತ್ತವೆ. 'ಸರಿಹೊಂದಿಸು' ಎಂಬುದನ್ನು ಮೊಬೈಲಿನ ಕನ್ನಡ ಪರದೆ ಮನೆಮನೆಗೆ ಮುಟ್ಟಿಸಿದೆ. ಶಿಕ್ಷಕರ ತರಬೇತಿಯ ಮನಶ್ಶಾಸ್ತ್ರ ಪುಸ್ತಕಗಳಲ್ಲಿ 'ಹೊಂದಾಣಿಕೆ' ಪಾರಿಭಾಷಿಕ ಪದವಾಗಿ ನಿಂತಿದೆ.

ಬಸ್ಸಿನ ಅಡ್ಜಸ್ಟ್

ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ 2000ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂಬ ಹೆಸರಿನಲ್ಲಿ ಹುಟ್ಟಿ, 2021ರಲ್ಲಿ ಈಗಿನ ಹೆಸರು ಪಡೆಯಿತು. ಇದರ ಸಾದಾ ಬಸ್ಸುಗಳಲ್ಲಿ ಒಂದು ಕಡೆ ಮೂವರ ಸೀಟು, ಇನ್ನೊಂದು ಕಡೆ ಇಬ್ಬರದು. 'ಜರಾ ಅಡ್ಜಸ್ಟ್ ಮಾಡ್ರಿ' ಎಂಬ ಮಾತಿನ ತವರು ಆ ಮೂವರ ಸೀಟು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ದವಾಖಾನೆಗೆ, ಸಂತೆಗೆ, ತವರಿಗೆ ಹೊರಡುವ ಹೆಂಗಸರ ಸಂಖ್ಯೆ ಹೆಚ್ಚಿ, ಈ ಮಾತು ಹೆಂಗಸರ ದನಿಯಲ್ಲಿ ಇನ್ನೂ ಹೆಚ್ಚು ಕೇಳತೊಡಗಿತು.

ನಾಲ್ಕನೆಯವರು ಬಂದು ನಿಂತಾಗ ಆ ಸೀಟಿನಲ್ಲಿ ನಡೆಯುವುದನ್ನು ಗಮನಿಸಿ ನೋಡಬೇಕು. 'ಯಕ್ಕಾ, ಜರಾ ಅಡ್ಜಸ್ಟ್ ಮಾಡ್ರಿ' ಎಂಬ ಮಾತು ಬಿದ್ದ ಮೇಲೆ ಕಿಟಕಿಯ ಕಡೆಯವರು ಭುಜವನ್ನು ಕಂಬಿಗೆ ಒತ್ತಿ ಹಿಂದಕ್ಕೆ ಒರಗುತ್ತಾರೆ. ಎರಡನೆಯವರು ಮುಂದೆ ಸರಿದು ಸೀಟಿನ ಅಂಚಿಗೆ ಬರುತ್ತಾರೆ. ಮೂರನೆಯವರು ಹಿಂದಕ್ಕೆ. ಬಂದವರು ಮುಂದಕ್ಕೆ, ಅರ್ಧ ಸೀಟಿನ ಮೇಲೆ, ಒಂದು ಕಾಲು ನಡುದಾರಿಯಲ್ಲಿ, ಒಂದು ಕೈ ಮುಂದಿನ ಸೀಟಿನ ಕಂಬಿಯ ಮೇಲೆ. ಹಿಂದೆ, ಮುಂದೆ, ಹಿಂದೆ, ಮುಂದೆ: ನಾಲ್ಕು ಜೋಡಿ ಭುಜಗಳು ಒಂದರ ಹಿಂದೊಂದು ಬೀಳುವುದರಿಂದ ಮೂವರ ಅಗಲದಲ್ಲಿ ನಾಲ್ವರು ಹಿಡಿಯುತ್ತಾರೆ. ಕೂಸಿದ್ದರೆ ತೊಡೆಯ ಮೇಲೆ, ಚೀಲವಿದ್ದರೆ ಕಾಲ ಕೆಳಗೆ. ಹೀಗೆ ಕೂಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಮಾತು ಒಂದೇ ಸಾಕು, ದೇಹಗಳು ಲೆಕ್ಕ ಮಾಡಿಕೊಳ್ಳುತ್ತವೆ.

'ಸರೀರಿ' ಎಂಬ ಕನ್ನಡದ ಮಾತು ಇರುವಾಗ ಅಡ್ಜಸ್ಟ್ ಯಾಕೆ ಬೇಕಾಯಿತು? ಎರಡನ್ನೂ ಬಳಸುವವರ ಬಾಯಿಂದ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. 'ಸರೀರಿ' ಎಂದರೆ ಮೈಗೆ ಹೇಳಿದ ಮಾತು, ರಿ ಸೇರಿದರೂ ಅದರಲ್ಲೊಂದು ಗದರು ಉಳಿದಿರುತ್ತದೆ. ಖಾಲಿ ಜಾಗ ಇದ್ದರೂ ಕೂತಿದ್ದೀರಿ ಎಂಬ ಆಕ್ಷೇಪ ಅದರ ಕೆಳಗೆ ಇರಬಹುದು. 'ಅಡ್ಜಸ್ಟ್ ಮಾಡ್ರಿ' ಎಂದರೆ ಜಾಗ ಇಲ್ಲ ಎಂದು ನನಗೂ ಗೊತ್ತು, ನಿಮಗೆ ತೊಂದರೆಯಾಗುತ್ತದೆ ಎಂದೂ ಗೊತ್ತು, ಆದರೂ ಕೇಳುತ್ತಿದ್ದೇನೆ ಎಂಬ ಒಪ್ಪಿಗೆ ಸೇರಿಕೊಂಡಿದೆ. ಕೇಳುವುದು ಜಾಗಕ್ಕಿಂತ ಮನಸ್ಸನ್ನು. ಆದ್ದರಿಂದಲೇ ಈ ಮಾತಿಗೆ 'ಇಲ್ಲ' ಎನ್ನುವುದು ಕಷ್ಟ. ಜಾಗ ಇಲ್ಲ ಎನ್ನಬಹುದು, ಮನಸ್ಸಿಲ್ಲ ಎಂದು ನಾಲ್ಕು ಮಂದಿಯ ಮುಂದೆ ಹೇಳಲಾಗದು.

ಅಳತೆಯ ಮಾತುಗಳೂ ಇಲ್ಲಿ ಒಂದು ನಿಯಮವನ್ನು ಹಿಡಿದಿವೆ. ಕೇಳುವಾಗ ಯಾವಾಗಲೂ 'ಜರಾ', 'ಸ್ವಲ್ಪ', 'ಒಂದೀಟು'. 'ಭಾಳ ಅಡ್ಜಸ್ಟ್ ಮಾಡ್ರಿ' ಎಂದು ಯಾರೂ ಕೇಳುವುದಿಲ್ಲ. ಆದರೆ ಮಾಡಿದವರು ಮುಂದೆ ಹೇಳಿಕೊಳ್ಳುವಾಗ 'ಎಷ್ಟಂತ ಅಡ್ಜಸ್ಟ್ ಮಾಡ್ಕೋಬೇಕು', 'ಭಾಳ ಅಡ್ಜಸ್ಟ್ ಮಾಡ್ಕೊಂಡೀನಿ' ಎಂದೇ ಹೇಳುತ್ತಾರೆ. ಕೇಳುವವರ ಬಾಯಲ್ಲಿ ಜರಾ, ಮಾಡಿದವರ ಬಾಯಲ್ಲಿ ಭಾಳ. ಒಂದೇ ಕೆಲಸಕ್ಕೆ ಎರಡು ತೂಕ. ಈ ಮಾತನ್ನು ಎಲ್ಲಿ ಕೇಳಿದರೂ ಜೊತೆಗೆ ಬಂದ ಅಳತೆಯ ಮಾತು ಯಾವುದು, ಅದನ್ನು ಆಡುತ್ತಿರುವವರು ಯಾರು ಎಂದು ನೋಡಿದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ರೊಕ್ಕದ ಅಡ್ಜಸ್ಟ್

'ಎರಡು ಸಾವಿರ ಅಡ್ಜಸ್ಟ್ ಮಾಡು, ರಾಶಿ ಆದಮ್ಯಾಲ ಕೊಡ್ತೀನಿ' ಎಂಬುದು ತೊಗರಿ ಬೆಳೆಯುವ ಈ ಸೀಮೆಯಲ್ಲಿ ಎಲ್ಲರೂ ಕೇಳಿರುವ ವಾಕ್ಯ. ಕನ್ನಡದಲ್ಲಿ ಇದಕ್ಕೆ 'ಕೈಗಡ' ಎಂಬ ಮಾತಿದೆ. ಕೈಗಡ ಕೊಡು ಎಂದಾಗ ಸಾಲ ಕೇಳಿದ್ದು ಸ್ಪಷ್ಟ. ಕೇಳಿದವನ ತಲೆ ಒಂದಿಷ್ಟು ಬಾಗುತ್ತದೆ. ಅಡ್ಜಸ್ಟ್ ಮಾಡು ಎಂದಾಗ ಸಾಲದ ಹೆಸರೇ ಬರುವುದಿಲ್ಲ. ಗೆಳೆಯನ ಹತ್ತಿರ ಇದ್ದ ರೊಕ್ಕ ಇತ್ತ ಸರಿಯಿತು, ಅಷ್ಟೇ. ಕೇಳುವವನ ಮಾನವನ್ನೂ ಕೊಡುವವನ ಮು‌ಜುಗರವನ್ನೂ ಈ ಹೊರಗಿನ ಮಾತು ಮುಚ್ಚಿಡುತ್ತದೆ. ದವಾಖಾನೆಯ ಬಿಲ್ಲಿನ ಮುಂದೆ ನಿಂತು ಊರಿಗೆ ಫೋನು ಮಾಡುವವರು ಸೇಡಂ ರಸ್ತೆಯಲ್ಲಿ ದಿನಾ ಕಾಣುತ್ತಾರೆ. ಅವರ ಮಾತಿನಲ್ಲಿ ಈ ಕ್ರಿಯಾಪದ ಬಂದಾಗ ನನಗೆ ಅದು ಪರಭಾಷೆಯ ಮಾತೆಂದು ಅನಿಸಿದ್ದೇ ಇಲ್ಲ.

ಮನೆಯ ಅಡ್ಜಸ್ಟ್

ಗಂಡನ ಮನೆಗೆ ಹೊರಟ ಮಗಳಿಗೆ ಹೇಳುವ ಬುದ್ಧಿಮಾತಿಗೆ ಕನ್ನಡದಲ್ಲಿ ಮೊದಲಿನಿಂದ ಬೇರೆ ಕ್ರಿಯಾಪದಗಳಿದ್ದವು: ಹೊಂದಿಕೊಂಡು ಹೋಗು, ಅನುಸರಿಸಿಕೊಂಡು ಹೋಗು, ಸಂಬಾಳಿಸಿಕೊಂಡು ಹೋಗು. ಈಗ ಅವುಗಳ ಜಾಗದಲ್ಲಿ 'ಅಡ್ಜಸ್ಟ್ ಮಾಡ್ಕೊಂಡು ಹೋಗವ್ವಾ' ಬಂದಿದೆ. ಅಡ್ಜಸ್ಟ್ ಹೊಸದು, 'ಕೊಂಡು ಹೋಗು' ಹಳೆಯದು, ಭಾರ ಹಾಕುತ್ತಿರುವುದು ಆ ಹಳೆಯದೇ. ಕೊಳ್ಳು ಎಂದರೆ ಹೊರೆ ನಿನ್ನದು ಎಂದಾಯಿತು. ಹೋಗು ಎಂದರೆ ಇದು ಒಂದು ದಿನದ್ದಲ್ಲ, ನಡೆಯುತ್ತಲೇ ಇರಬೇಕಾದ್ದು ಎಂದಾಯಿತು. ಬಸ್ಸಿನ ಅಡ್ಜಸ್ಟ್‌ಗೆ ಇಳಿಯುವ ಸ್ಟಾಪು ಇದೆ, 'ಹೋಗು' ಹತ್ತಿದ ಅಡ್ಜಸ್ಟ್‌ಗೆ ಇಲ್ಲ. ಮತ್ತೆ ಇಲ್ಲಿ 'ಮಾಡ್ಕೊಂಡು ಹೋಗೋ' ಎಂದು ಅಳಿಯನಿಗೆ ಹೇಳುವುದು ಎಷ್ಟು ಅಪರೂಪ ಎಂಬುದನ್ನೂ ಬರೆದಿಡಬೇಕು. ವ್ಯಾಕರಣದಲ್ಲಿ ಈ ಕ್ರಿಯಾಪದಕ್ಕೆ ಲಿಂಗದ ಕಟ್ಟಿಲ್ಲ, ಮನೆಗಳಲ್ಲಿ ಇದೆ.

2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂತು. ಬೈಗುಳ, ಹೊಡೆತ, ಕೈಗೆ ರೊಕ್ಕ ಕೊಡದಿರುವುದು ಎಲ್ಲಕ್ಕೂ ಹಿಂಸೆ ಎಂಬ ಹೆಸರನ್ನು ಕಾನೂನು ಕೊಟ್ಟಿತು. ಹೊಡೆತವನ್ನು ಹೊಡೆತ ಎಂದೇ ಹೇಳಬೇಕಾದ ಕಡೆ ಹಿರಿಯರು ಅಡ್ಜಸ್ಟ್ ಎಂದಾಗ ಮಾತು ಸತ್ಯವನ್ನು ಮುಚ್ಚುವ ಬಟ್ಟೆಯಾಗುತ್ತದೆ. ಕೈಗಡದ ಮಾನ ಮುಚ್ಚಿದ ಬಟ್ಟೆಯೇ ಇದು. ಅಲ್ಲಿ ಅದರಿಂದ ಒಬ್ಬರಿಗೆ ಒಳ್ಳೆಯದಾಯಿತು, ಇಲ್ಲಿ ಒಬ್ಬಳಿಗೆ ಕೇಡಾಗುತ್ತದೆ.

ಇನ್ನೂ ಕೆಟ್ಟ ಅರ್ಥವೊಂದಿದೆ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ನ್ಯಾಯಮೂರ್ತಿ ಕೆ. ಹೇಮಾ ಸಮಿತಿ ಕೊಟ್ಟ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಅವಕಾಶಕ್ಕೆ ಬದಲಾಗಿ ದೇಹ ಕೇಳುವುದಕ್ಕೆ ಆ ವಲಯದಲ್ಲಿ ನಡೆಯುವ ಗುಪ್ತನಾಮಗಳಲ್ಲಿ 'ಅಡ್ಜಸ್ಟ್‌ಮೆಂಟ್' ಒಂದು ಎಂಬುದು ದಾಖಲಾಗಿತ್ತು. ಅದರ ಮರುತಿಂಗಳು ಕನ್ನಡ ಚಿತ್ರರಂಗದ 'ಫೈರ್' ಸಂಘಟನೆ ಇಲ್ಲಿಯೂ ಅಂಥ ಸಮಿತಿ ಬೇಕೆಂದು ಸರ್ಕಾರಕ್ಕೆ ಮನವಿ ಕೊಟ್ಟಿತು. ಕರ್ಮಪದವನ್ನು ಖಾಲಿ ಬಿಟ್ಟು ಕೇಳುವ ಅದೇ ವ್ಯಾಕರಣ ಇಲ್ಲೂ ಕೆಲಸ ಮಾಡುತ್ತದೆ. ಏನನ್ನು ಎಂದು ಹೇಳದೆ ಕೇಳಿದವನು ನಾಳೆ ನಾನು ಏನೂ ಕೇಳಲೇ ಇಲ್ಲ ಎನ್ನಬಲ್ಲ.

ರಾಜಕೀಯದ ಅಡ್ಜಸ್ಟ್‌ಮೆಂಟ್

ಎದುರಾಳಿ ಪಕ್ಷಗಳ ಮುಖಂಡರು ಒಳಗೊಳಗೇ ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡುವುದಕ್ಕೆ ಕರ್ನಾಟಕದಲ್ಲಿ 'ಅಡ್ಜಸ್ಟ್‌ಮೆಂಟ್ ರಾಜಕಾರಣ' ಎಂಬ ಹೆಸರಿದೆ. ಪತ್ರಿಕೆಗಳು 'ಹೊಂದಾಣಿಕೆ ರಾಜಕಾರಣ' ಎಂದೂ ಬರೆಯುತ್ತವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಸೋತ ಮೇಲೆ ಬಿಜೆಪಿಯ ಒಳಗಿನಿಂದಲೇ ಈ ಆರೋಪ ಜೋರಾಗಿ ಕೇಳಿತು. ಇದರ ಹತ್ತಿರದ ಮಾತು 'ರಾಜಿ'. ಆದರೆ ರಾಜಿಯಲ್ಲಿ ಜಗಳ ಇತ್ತು ಎಂಬುದೂ ಅದು ಮುಗಿಯಿತು ಎಂಬುದೂ ಬಹಿರಂಗ. ಅಡ್ಜಸ್ಟ್‌ಮೆಂಟಿನಲ್ಲಿ ಜಗಳ ಹೊರಗೆ ನಡೆಯುತ್ತಲೇ ಇರುತ್ತದೆ. ಹೊಂದಾಣಿಕೆ ಎಂಬ ಒಳ್ಳೆಯ ಕನ್ನಡ ಮಾತಿಗೂ ಈ ಬಳಕೆಯಿಂದ ಕಲೆ ಅಂಟಿತು ಎಂಬುದು ನನಗೆ ಬೇಸರದ ಸಂಗತಿ.

ವಿರುದ್ಧ ಪದ

ಈ ಕ್ರಿಯಾಪದಕ್ಕೆ ಕನ್ನಡದಲ್ಲಿ ವಿರುದ್ಧ ಪದ ಹುಟ್ಟಿಲ್ಲ. 'ಅಡ್ಜಸ್ಟ್ ಆಗಂಗಿಲ್ಲ' ಎಂಬುದು ನಿಷೇಧ ಮಾತ್ರ. ಮುದುಡಿ ಕೂತವರು ಮತ್ತೆ ತಮ್ಮ ಅಗಲಕ್ಕೆ ಬರುವುದನ್ನು ಹೇಳಲು ಇಂಗ್ಲಿಷಿನಿಂದ ಏನನ್ನೂ ತಂದುಕೊಂಡಿಲ್ಲ, ಅದಕ್ಕೆ ಬೇರೆ ಮಾತು ಬಳಸುತ್ತಾರೆ. ಸೇಡಂ ಬಸ್ಸು ಮಳಖೇಡದಲ್ಲಿ ನಿಂತಾಗ ಸೀಟಿನ ಅಂಚಿನಲ್ಲಿ ಅರ್ಧ ಕೂತಿದ್ದ ನಾಲ್ಕನೆಯವಳು ಚೀಲ ಎತ್ತಿಕೊಂಡು ಏಳುತ್ತಾಳೆ, ಉಳಿದ ಮೂವರ ಕಡೆ ತಿರುಗಿ 'ಆರಾಮ್ ಕೂಡ್ರೆವ್ವಾ ಇನ್ನ' ಎಂದು ಇಳಿದು ಹೋಗುತ್ತಾಳೆ.